ಉತ್ತರಕುಮಾರ: ಅಂಕಿತನಾಮದಿಂದ ನಿಂದಾಪದದವರೆಗೆ

1

ಪುರಾಣಕಾವ್ಯಗಳ ಪಾತ್ರಗಳ ಹೆಸರುಗಳು ನಿತ್ಯದ ಮಾತಿನಲ್ಲಿ ಸಾಮಾನ್ಯ ಪದಗಳಾಗಿ ಬಳಕೆಯಾಗುವುದು ಕನ್ನಡಕ್ಕೆ ಹೊಸದಲ್ಲ. ಅತಿಯಾಗಿ ನಿದ್ರಿಸುವವನು ಕುಂಭಕರ್ಣ, ಅತಿಯಾಗಿ ಉಣ್ಣುವವನು ಬಕಾಸುರ, ಮನೆ ಮುರಿಯುವ ಉಪಾಯಗಾರ ಶಕುನಿ, ಕೈಬಿಚ್ಚಿ ಕೊಡುವವನು ಕರ್ಣ. ಈ ಪದಗಳನ್ನು ಬಳಸುವಾಗ ಮೂಲಕಾವ್ಯವನ್ನು ನೆನೆಯುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಹೆಸರೇ ಅರ್ಥವನ್ನು ಹೊತ್ತು ತರುತ್ತದೆ.

ಇವುಗಳಲ್ಲಿ ಹುಡುಗರ ಹೆಸರುಗಳನ್ನು ಮಾತ್ರ ಪ್ರತ್ಯೇಕವಾಗಿ ಎತ್ತಿಕೊಂಡು ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಪ್ರಹ್ಲಾದ ಭಕ್ತಿಗೆ, ಧ್ರುವ ಅಚಲತೆಗೆ, ಶ್ರವಣಕುಮಾರ ಮಾತಾಪಿತೃಸೇವೆಗೆ, ಅಭಿಮನ್ಯು ಎದೆಗಾರಿಕೆಗೆ ಹೆಸರಾಗಿದ್ದಾರೆ. ಈ ಬಾಲರೆಲ್ಲ ಮೆಚ್ಚುಗೆಯ ಪದಗಳಾದರೆ ವಿರಾಟನ ಮಗ ಉತ್ತರನೊಬ್ಬ ನಗೆಪಾಟಲಿನ ಪದವಾಗಿ ಉಳಿದಿದ್ದಾನೆ. ಮನೆಯಲ್ಲಿ ಮುದ್ದಿನಿಂದ ಬೆಳೆದು, ಹೆಂಗಸರ ನಡುವೆ ಜಂಬ ಕೊಚ್ಚಿ, ಹೊರಗಿನ ಲೋಕವನ್ನು ಕಂಡೊಡನೆ ಕಾಲಿಗೆ ಬುದ್ಧಿ ಹೇಳುವ ಹುಡುಗನಿಗೆ ಕನ್ನಡಿಗರು ಇಟ್ಟಿರುವ ಹೆಸರು ‘ಉತ್ತರಕುಮಾರ’. ಈ ಹೆಸರು ಪದವಾದ ಬಗೆ ಯಾವುದು, ಪದವಾಗುವಾಗ ಕಥೆಯ ಯಾವ ಭಾಗ ಉಳಿಯಿತು, ಯಾವುದು ಬಿಟ್ಟುಹೋಯಿತು, ಹಾಗೆ ಬಿಟ್ಟುಹೋದುದರಿಂದ ಆದ ನಷ್ಟವೇನು ಎಂಬ ಪ್ರಶ್ನೆಗಳನ್ನು ಎತ್ತುವುದು ಈ ಬರಹದ ಆಶಯ.

2

ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದಿಂದ ಮೊದಲುಗೊಂಡು ಇಂದಿನ ಶಾಲಾ ವ್ಯಾಕರಣಗಳವರೆಗೆ ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ಮೂರಾಗಿ ವಿಂಗಡಿಸುವ ಪದ್ಧತಿ ನಡೆದುಬಂದಿದೆ. ಒಬ್ಬನಿಗೆ ಗುರುತಿಗಾಗಿ ಇಟ್ಟ ಹೆಸರು ಅಂಕಿತ. ಗುಣವನ್ನು ನೋಡಿ ಕೊಟ್ಟದ್ದು ಅನ್ವರ್ಥ. ಒಂದು ಜಾತಿಗೆಲ್ಲ ವಾಡಿಕೆಯಿಂದ ಸಲ್ಲುವುದು ರೂಢ. ಆದರೆ ಈ ಮೂರರ ನಡುವಿನ ಗಡಿ ಸ್ಥಿರವಾದುದಲ್ಲ. ಪದಗಳು ಒಂದರಿಂದ ಇನ್ನೊಂದಕ್ಕೆ ವಲಸೆ ಹೋಗುತ್ತವೆ. ‘ಉತ್ತರ’ ಅಂಥ ವಲಸೆಯನ್ನು ಪೂರ್ಣವಾಗಿ ಮುಗಿಸಿದ ಹೆಸರು.

ಈ ವಲಸೆಯ ಹಂತಗಳನ್ನು ಬಳಕೆಯಲ್ಲಿಯೇ ಗುರುತಿಸಬಹುದು. ‘ಉತ್ತರಕುಮಾರನ ಹಾಗೆ ಆಡುತ್ತಾನೆ’ ಎಂಬಲ್ಲಿ ಉಪಮೆಯಿದೆ. ಹೋಲಿಸುವವನಿಗೂ ಕೇಳುವವನಿಗೂ ಕಥೆ ಗೊತ್ತಿರಬೇಕು. ‘ಅವನು ಉತ್ತರಕುಮಾರ’ ಎಂಬಲ್ಲಿ ಹೋಲಿಕೆಯ ಪದ ಬಿದ್ದುಹೋಗಿ ರೂಪಕವಾಗುತ್ತದೆ. ‘ಇವನೊಬ್ಬ ಉತ್ತರಕುಮಾರ’, ‘ಉತ್ತರಕುಮಾರರಿಗೇನು ಬರವಿಲ್ಲ’ ಎಂದಾಗ ಹೆಸರು ಸಂಖ್ಯಾವಾಚಕವನ್ನೂ ಬಹುವಚನವನ್ನೂ ಪಡೆದು ರೂಢನಾಮದ ಸಾಲಿಗೆ ಸೇರುತ್ತದೆ. ಈ ಹಂತದಲ್ಲಿ ಕಥೆ ಗೊತ್ತಿಲ್ಲದವನೂ ಪದವನ್ನು ಸರಿಯಾಗಿಯೇ ಬಳಸಬಲ್ಲ. ರಾಜಕೀಯ ಭಾಷಣಗಳಲ್ಲಿ ಎದುರಾಳಿಯನ್ನು ಹಂಗಿಸಲು ಈ ಪದ ಬಳಕೆಯಾಗುವುದು ಈ ಮೂರನೆಯ ಅರ್ಥದಲ್ಲಿ.

ಇನ್ನೊಂದು ಅಂಶವೂ ಗಮನಾರ್ಹ. ವ್ಯಾಸಭಾರತದಲ್ಲಿ ಈ ರಾಜಕುಮಾರನಿಗೆ ‘ಭೂಮಿಂಜಯ’ ಎಂಬ ಇನ್ನೊಂದು ಹೆಸರಿದೆ. ನೆಲವನ್ನು ಗೆಲ್ಲುವವನು ಎಂದು ಅದರ ಅರ್ಥ. ಕೊಚ್ಚಿಕೊಳ್ಳುವವನ ಪರಿಹಾಸ್ಯಕ್ಕೆ ಇದಕ್ಕಿಂತ ಒದಗುವ ಹೆಸರು ಮತ್ತೊಂದಿಲ್ಲ. ಆದರೂ ನಮ್ಮ ಆಡುಮಾತು ಅದನ್ನು ಹಿಡಿಯದೆ ‘ಉತ್ತರ’ವನ್ನು ಹಿಡಿಯಿತು, ಅದಕ್ಕೆ ‘ಕುಮಾರ’ ಎಂಬುದನ್ನು ಬಿಗಿಯಾಗಿ ಹೆಣೆಯಿತು. ರಾಜನ ಮಗ ಎಂಬ ಗೌರವದ ಪದವು ಇಲ್ಲಿ ‘ಇನ್ನೂ ಅಪ್ಪ ಅಮ್ಮಂದಿರ ನೆರಳಿನಲ್ಲಿರುವವನು’ ಎಂಬ ಧ್ವನಿಯನ್ನು ಪಡೆದಿದೆ. ಮುದ್ದಿನ ಮಗನೆಂಬ ಅರ್ಥ ಪದಕ್ಕೆ ಅಂಟಿಕೊಂಡಿರುವುದು ಬಹುಮಟ್ಟಿಗೆ ಈ ‘ಕುಮಾರ’ನಿಂದಲೇ.

3

ಈ ಅರ್ಥವನ್ನು ಗಟ್ಟಿಗೊಳಿಸಿದ ಗಾದೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬುದು. ಇಲ್ಲಿನ ‘ಒಲೆ’ ಕಾವ್ಯದಲ್ಲಿಲ್ಲ. ಅದು ಜನರ ಸೇರ್ಪಡೆ. ಕಾವ್ಯದಲ್ಲಿರುವುದು ಅಂತಃಪುರ. ವಿರಾಟರಾಜನು ತ್ರಿಗರ್ತದ ಸುಶರ್ಮನು ಸೆರೆಹಿಡಿದ ಹಸುಗಳನ್ನು ಬಿಡಿಸಲು ದಕ್ಷಿಣದ ಕಡೆಗೆ ಹೋಗಿದ್ದಾನೆ. ಅತ್ತ ಕೌರವಸೇನೆ ಉತ್ತರದಿಕ್ಕಿನ ಹಸುಗಳನ್ನು ಅಟ್ಟಿಕೊಂಡು ಹೊರಟಿದೆ. ಗೋವಳರ ಒಡೆಯನು ಓಡಿಬಂದು ಸುದ್ದಿ ತಿಳಿಸಿದಾಗ ರಾಜಧಾನಿಯಲ್ಲಿ ಉಳಿದಿರುವವನು ಹುಡುಗನಾದ ಉತ್ತರನೊಬ್ಬನೆ. ಹೆಂಗಳೆಯರ ನಡುವೆ ಕುಳಿತ ಅವನು, ತಕ್ಕ ಸಾರಥಿಯೊಬ್ಬ ಸಿಕ್ಕಿದರೆ ಭೀಷ್ಮ, ದ್ರೋಣ, ಕರ್ಣರನ್ನೆಲ್ಲ ಒಂದು ಕೈ ನೋಡುವೆನೆಂದು ಮಾತನಾಡುತ್ತಾನೆ. ಸೈರಂಧ್ರಿಯ ಸೂಚನೆಯಂತೆ, ತಂಗಿ ಉತ್ತರೆಯ ಕೋರಿಕೆಯಂತೆ ನಾಟ್ಯಾಚಾರ್ಯ ಬೃಹನ್ನಳೆ ಸಾರಥಿಯಾಗುತ್ತಾಳೆ. ಗೊಂಬೆಗಳಿಗೆ ಉಡಿಸಲು ಕೌರವವೀರರ ಬಣ್ಣದ ವಸ್ತ್ರಗಳನ್ನು ತರಬೇಕೆಂದು ಉತ್ತರೆ ಮತ್ತು ಅವಳ ಗೆಳತಿಯರು ಕೇಳುತ್ತಾರೆ. ಸೇನೆಯನ್ನು ಕಂಡೊಡನೆ ಹುಡುಗನ ಮೈ ನಡುಗುತ್ತದೆ. ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆ ಜಡೆ ಹಾರಾಡುತ್ತಿರಲು ಬೆನ್ನಟ್ಟಿ ಹಿಡಿಯುತ್ತಾಳೆ. ಬಿಟ್ಟುಬಿಟ್ಟರೆ ಹೊನ್ನು, ಮಣಿ, ಆನೆಗಳನ್ನು ಕೊಡುವೆನೆಂದು ಅವನು ಅಂಗಲಾಚುತ್ತಾನೆ.

ಕುಮಾರವ್ಯಾಸನ ವಿರಾಟಪರ್ವದಲ್ಲಿ ಈ ಪ್ರಸಂಗ ಪಡೆದಿರುವ ಕಳೆಯನ್ನು ವಿವರಿಸುವ ಅಗತ್ಯವಿಲ್ಲ. ಹದಿನೈದನೆಯ ಶತಮಾನದ ಆ ಕವಿಯ ಹಾಸ್ಯಪ್ರತಿಭೆ ಇಲ್ಲಿ ತುಂಬಿ ಹರಿದಿದೆ. ಗಮಕಿಗಳ ಕಂಠದಲ್ಲಿ, ತಾಳಮದ್ದಳೆಯ ಅರ್ಥಧಾರಿಗಳ ಮಾತುಗಾರಿಕೆಯಲ್ಲಿ ಈ ಭಾಗ ‘ಉತ್ತರನ ಪೌರುಷ’ ಎಂಬ ಹೆಸರಿನಿಂದಲೇ ಸ್ವತಂತ್ರ ಪ್ರಸಂಗವಾಯಿತು. ಅಂತಃಪುರವು ರೈತಾಪಿ ಮನೆಗಳ ಅನುಭವಕ್ಕೆ ದೂರದ್ದು, ಅಡುಗೆಮನೆ ಹತ್ತಿರದ್ದು. ಹೀಗಾಗಿ ರಾಜಕುಮಾರನ ಜಂಬ ಒಲೆಯ ಮುಂದಕ್ಕೆ ಬಂದು ಕುಳಿತಿತು. ಜನಪದವು ಒಂದು ಕಾವ್ಯಸಂದರ್ಭವನ್ನು ತನ್ನ ಮನೆಯ ಅಳತೆಗೆ ಕತ್ತರಿಸಿಕೊಂಡ ಕ್ರಮಕ್ಕೆ ಈ ಗಾದೆ ಅತ್ಯುತ್ತಮ ನಿದರ್ಶನ. ಆದರೆ ಅದೇ ಕತ್ತರಿಯಿಂದ ಕಥೆಯ ಉಳಿದ ಅರ್ಧವೂ ತುಂಡಾಯಿತು.

4

ಉಳಿದ ಅರ್ಧ ಆರಂಭವಾಗುವುದು ಬನ್ನಿಯ ಮರದ ಬುಡದಲ್ಲಿ. ಪಾಂಡವರು ಆಯುಧಗಳನ್ನು ಕಟ್ಟಿ ಇರಿಸಿದ್ದ ಮರ ಅದು. ಶವವೊಂದು ಅಲ್ಲಿ ತೂಗುತ್ತಿದೆಯೆಂಬ ಭಯ ಊರಿಗೆಲ್ಲ ಇತ್ತು. ಆ ಮರವನ್ನು ಹತ್ತಿ ಗಾಂಡೀವವನ್ನು ಇಳಿಸಿ ಕೊಟ್ಟವನು ಅರ್ಜುನನಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ರಣದಿಂದ ಓಡಿದ್ದ ಹುಡುಗ. ಪ್ರತಿವರ್ಷ ವಿಜಯದಶಮಿಯಂದು ಕರ್ನಾಟಕದ ಊರೂರಿನಲ್ಲಿ ಬನ್ನಿ ಮುಡಿಯುವಾಗ ಅರ್ಜುನನ ಬಿಲ್ಲನ್ನು ನೆನೆಯುವ ನಾವು, ಅದನ್ನು ಕೆಳಗಿಳಿಸಿದ ಕೈಯನ್ನು ನೆನೆಯುವುದಿಲ್ಲ.

ಅನಂತರ ಉತ್ತರನು ಸಾರಥ್ಯವನ್ನು ವಹಿಸಿಕೊಳ್ಳುತ್ತಾನೆ. ಇದು ಸಾಮಾನ್ಯ ಬದಲಾವಣೆಯಲ್ಲ. ರಥಿಕನಾಗಬೇಕೆಂದು ಹೊರಟವನು ಸಾರಥಿಯ ಜಾಗದಲ್ಲಿ ಕುಳಿತು, ತನ್ನ ಮನೆಯ ನಾಟ್ಯಾಚಾರ್ಯನ ಅಪ್ಪಣೆಯಂತೆ ಕುದುರೆಗಳನ್ನು ನಡೆಸುತ್ತಾನೆ. ಯುದ್ಧದ ನಡುವೆ ಬಿಲ್ಲಿನ ಟಂಕಾರಕ್ಕೆ, ರಕ್ತದ ವಾಸನೆಗೆ ತಲೆಸುತ್ತು ಬಂದು, ಇನ್ನು ಆಗದೆಂದು ಹೇಳುವ ಕ್ಷಣವೂ ವ್ಯಾಸಭಾರತದಲ್ಲಿದೆ. ಆದರೂ ಅವನು ಹಗ್ಗವನ್ನು ಬಿಡುವುದಿಲ್ಲ. ಭಯ ಹೋದುದರಿಂದ ಅವನು ನಿಂತನೆಂದು ಹೇಳುವಂತಿಲ್ಲ. ಭಯ ಇರುವಾಗಲೇ ನಿಂತನು. ಮೂರ್ಛಿತರಾದ ವೀರರ ಬಣ್ಣದ ವಸ್ತ್ರಗಳನ್ನು ರಣದ ನಡುವೆ ಇಳಿದು ತಂದವನೂ ಅವನೇ. ಗೊಂಬೆಗಳಿಗೆ ಬಟ್ಟೆ ತರುವೆನೆಂದು ತಂಗಿಗೆ ಕೊಟ್ಟ ಮಾತು ಹೀಗೆ ನಡೆಯಿತು.

ನಿಜವಾದ ಪರೀಕ್ಷೆ ಮರಳಿ ಬರುವಾಗ ಎದುರಾಗುತ್ತದೆ. ಅಜ್ಞಾತವಾಸದ ಗುಟ್ಟು ತಕ್ಷಣ ಹೊರಬೀಳಬಾರದೆಂಬ ಕಾರಣದಿಂದ ಅರ್ಜುನನು, ಗೆಲುವು ನಿನ್ನದೇ ಎಂದು ತಂದೆಗೆ ಹೇಳು ಎನ್ನುತ್ತಾನೆ. ಊರಿಗೆ ಊರೇ ಸಿಂಗರಗೊಂಡು ಕಾದಿದೆ. ಮಗನ ಗೆಲುವಿನ ಸಂಭ್ರಮದಲ್ಲಿ ವಿರಾಟನು ಪಗಡೆಯಾಡುತ್ತ, ಬೃಹನ್ನಳೆಯಿದ್ದುದರಿಂದ ಗೆಲುವು ಎಂದ ಕಂಕನ ಮುಖಕ್ಕೆ ದಾಳದಿಂದ ಹೊಡೆದಿದ್ದಾನೆ. ಸುಳ್ಳು ಹೇಳಲು ಇದಕ್ಕಿಂತ ಹಿತವಾದ ಸಂದರ್ಭ ಇನ್ನೊಂದಿರಲಾರದು. ಸುಳ್ಳಿಗೆ ಅನುಮತಿಯೂ ಇದೆ, ಕೇಳುವ ಕಿವಿಯೂ ಇದೆ, ಬಯಲಾಗುವ ಭಯವೂ ಇಲ್ಲ. ಜಂಬದ ಹುಡುಗ ಇಲ್ಲಿ ಜಂಬ ಕೊಚ್ಚುವುದಿಲ್ಲ. ಗೆದ್ದವನು ನಾನಲ್ಲ, ದೇವಪುತ್ರನೊಬ್ಬನು ಓಡುತ್ತಿದ್ದ ನನ್ನನ್ನು ತಡೆದು ನಿಲ್ಲಿಸಿ ಗೆದ್ದನು ಎಂದು ತುಂಬಿದ ಸಭೆಯಲ್ಲಿ ಹೇಳುತ್ತಾನೆ. ಕಂಕನ ನೆತ್ತರನ್ನು ಕಂಡು, ಮೊದಲು ಆತನ ಕ್ಷಮೆ ಬೇಡು ಎಂದು ತಂದೆಗೇ ಬುದ್ಧಿ ಹೇಳುತ್ತಾನೆ. ಓಡಿದ ಸಂಗತಿಯನ್ನು ತಾನೇ ಒಪ್ಪಿಕೊಂಡವನನ್ನು ಓಡಿದವನೆಂದು ನಾವು ಶತಮಾನಗಳಿಂದ ಹಂಗಿಸುತ್ತ ಬಂದಿದ್ದೇವೆ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಕುರುಕ್ಷೇತ್ರದ ಮೊದಲ ದಿನವೇ ಉತ್ತರನು ಆನೆಯನ್ನೇರಿ ಶಲ್ಯನನ್ನು ಎದುರಿಸಿ, ಅವನ ರಥದ ಕುದುರೆಗಳನ್ನು ಕೆಡಹಿ, ಶಲ್ಯನು ಎಸೆದ ಶಕ್ತ್ಯಾಯುಧಕ್ಕೆ ಬಲಿಯಾಗುತ್ತಾನೆ. ಅವನ ತಂಗಿಯ ಗಂಡ ಅಭಿಮನ್ಯು ಬೀಳುವುದು ಹದಿಮೂರನೆಯ ದಿನ. ಒಂದೇ ಮನೆಯ, ಒಂದೇ ಯುದ್ಧದ ಇಬ್ಬರು ಹುಡುಗರು. ಒಬ್ಬನ ಚಕ್ರವ್ಯೂಹವನ್ನು ಹೊಯ್ಸಳ ಶಿಲ್ಪಿಗಳು ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಗೋಡೆಯಲ್ಲಿ ಕಡೆದಿಟ್ಟರು. ಇನ್ನೊಬ್ಬನನ್ನು ಭಾಷೆ ಒಲೆಯ ಮುಂದೆ ಕೂರಿಸಿತು. ಅಭಿಮನ್ಯುವಿನ ಸಾವು ಅವನ ಹೆಸರಿಗೆ ಅರ್ಥ ಕೊಟ್ಟಿತು. ಉತ್ತರನ ಸಾವಿಗೆ ಅವನ ಹೆಸರಿನ ಅರ್ಥವನ್ನು ತಿದ್ದುವ ಶಕ್ತಿಯೂ ಒದಗಲಿಲ್ಲ.

5

ಈ ಮರೆವು ಹೇಗಾಯಿತು? ಜನರಿಗೆ ಕಥೆ ತಿಳಿದಿರಲಿಲ್ಲವೆಂದು ಹೇಳಲಾಗದು. ಹಳೆಯ ಮೈಸೂರು ಸೀಮೆಯ ಬಯಲುನಾಡಿನಲ್ಲಿ ಮಳೆ ಹೋದ ವರ್ಷ ಗುಡಿಯಲ್ಲೋ ಚಾವಡಿಯಲ್ಲೋ ವಿರಾಟಪರ್ವವನ್ನು ಓದಿಸುವ ವಾಡಿಕೆ ಪ್ರಸಿದ್ಧವಾದುದು. ಈ ನಂಬಿಕೆಗೆ ಆಧಾರ ಪರ್ವದೊಳಗೇ ಇದೆ. ಪಾಂಡವರನ್ನು ಹುಡುಕುವ ಬಗೆಯನ್ನು ಚರ್ಚಿಸುವಾಗ ಭೀಷ್ಮನು, ಧರ್ಮರಾಯ ಇರುವ ನಾಡಿನಲ್ಲಿ ಕಾಲಕಾಲಕ್ಕೆ ಮಳೆಯಾಗುವುದೆಂದು ಹೇಳುತ್ತಾನೆ. ಮಾಲೇಕಲ್ಲಿನ ತಿರುಪತಿ ಬೆಟ್ಟವನ್ನು ಬೆನ್ನಿಗಿಟ್ಟುಕೊಂಡ ಅರಸೀಕೆರೆಯ ಸೀಮೆ ತೆಂಗು, ರಾಗಿಗಳ ಸೀಮೆ. ಮುಗಿಲನ್ನೂ ಕೆರೆಯನ್ನೂ ನಂಬಿ ಬದುಕುವ ಸೀಮೆ. ಅಂಥ ನಾಡುಗಳಲ್ಲಿ ಈ ಪರ್ವ ಬರಿಯ ಕಾವ್ಯವಾಗಿರದೆ ಬದುಕಿನ ಆವಶ್ಯಕತೆಯಾಗಿತ್ತು. ಮಳೆಗಾಗಿ ಓದಿಸುವವರು ಪರ್ವವನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಉತ್ತರನ ಓಟವನ್ನು ಕೇಳಿ ನಕ್ಕ ಜನ, ಅವನ ಸಾರಥ್ಯವನ್ನೂ ಸಭೆಯ ಮಾತನ್ನೂ ಉತ್ತರೆಯ ಮದುವೆಯ ಮಂಗಳವನ್ನೂ ಕೇಳಿಯೇ ಏಳುತ್ತಿದ್ದರು. ಮಾತಿನಲ್ಲಿ ನಗೆಯ ಪದ ಓಡಾಡಿದರೂ ಕಿವಿಯಲ್ಲಿ ಇಡೀ ಕಥೆಯಿತ್ತು. ಪದ ಹಂಗಿಸಿದ್ದನ್ನು ಪರ್ವ ತಿದ್ದುತ್ತಿತ್ತು.

ನಮ್ಮ ಕಾಲದಲ್ಲಿ ಪದ ಉಳಿದು ಪರ್ವ ದೂರವಾಗಿದೆ. ಕಾವ್ಯವಾಚನದ ಸಮಯ ಗಂಟೆಯೊಂದಕ್ಕೆ ಇಳಿದಾಗ ಆಯ್ಕೆಯಾಗುವುದು ನಗೆಯ ಭಾಗ. ಶಾಲೆಯ ವಾರ್ಷಿಕೋತ್ಸವದ ಕಿರುನಾಟಕ ಮುಗಿಯುವುದು ಓಟದಲ್ಲಿ ಅಥವಾ ಅರ್ಜುನನು ತನ್ನ ಹೆಸರು ಹೇಳುವಲ್ಲಿ. ಇದು ಯಾರೊಬ್ಬರ ತಪ್ಪೂ ಅಲ್ಲ. ಪ್ರದರ್ಶನಕ್ಕೆ ಒದಗುವುದು ಉಳಿಯುತ್ತದೆ, ಒದಗದ್ದು ಸೋರಿಹೋಗುತ್ತದೆ. ಹುಡುಗನೊಬ್ಬನು ಹೆದರಿ ಓಡುವುದನ್ನು ರಂಗದ ಮೇಲೆ ತೋರಿಸುವುದು ಸುಲಭ. ಹೆದರಿಕೆಯನ್ನು ಒಳಗಿಟ್ಟುಕೊಂಡು ಕುದುರೆಯ ಹಗ್ಗ ಹಿಡಿದಿರುವುದನ್ನು ತೋರಿಸುವುದು ಕಷ್ಟ.

6

ಇದಕ್ಕೆ ಸಂವಾದಿಯಾದ ಪ್ರಸಂಗವೊಂದು ಇಂಗ್ಲಿಷಿನಲ್ಲಿದೆ. ಫ್ರಾನ್ಸಿಸ್ ಹಾಜ್‌ಸನ್ ಬರ್ನೆಟ್ ಎಂಬ ಲೇಖಕಿಯ ‘ಲಿಟಲ್ ಲಾರ್ಡ್ ಫಾಂಟ್ಲೆರಾಯ್’ 1885ರಿಂದ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 1886ರಲ್ಲಿ ಪುಸ್ತಕವಾಯಿತು. ನ್ಯೂಯಾರ್ಕಿನ ಸಾಧಾರಣ ಬೀದಿಯಲ್ಲಿ ತಾಯಿಯೊಡನೆ ಬೆಳೆದ ಸೆಡ್ರಿಕ್ ಎಂಬ ಏಳು ವರ್ಷದ ಬಾಲಕ ಇಂಗ್ಲೆಂಡಿನ ಶ್ರೀಮಂತ ಅಜ್ಜನ ವಾರಸುದಾರನಾಗುತ್ತಾನೆ. ಅಂಗಡಿಯವನು, ಬೂಟು ಒರೆಸುವ ಹುಡುಗ ಅವನ ಗೆಳೆಯರು. ತನಗೆ ಬಂದ ಹಣವನ್ನು ಅವನು ಮೊದಲು ಕೊಡುವುದು ಇಂಥವರಿಗೆ. ಕಲ್ಲುಮನಸ್ಸಿನ ಅಜ್ಜನನ್ನು ತನ್ನ ಒಳ್ಳೆಯತನದಿಂದಲೇ ಬದಲಿಸುತ್ತಾನೆ. ಕಥೆಯಲ್ಲಿ ಅವನು ಮುದ್ದಿನಿಂದ ಕೆಟ್ಟವನಲ್ಲವೇ ಅಲ್ಲ. ಆದರೆ ಇಂಗ್ಲಿಷಿನಲ್ಲಿ ಆ ಹೆಸರು ಮುದ್ದಿನಿಂದ ಮೆತ್ತಗಾದ ಹುಡುಗನಿಗೆ ಪದವಾಗಿ ನಿಂತಿತು.

ಕಾರಣ ಬಟ್ಟೆ. ರೆಜಿನಾಲ್ಡ್ ಬರ್ಚ್ ಬರೆದ ಚಿತ್ರಗಳಲ್ಲಿ ಸೆಡ್ರಿಕ್ ಮಖಮಲ್ಲಿನ ಉಡುಪು, ಜಾಲರಿಯ ಕೊರಳಪಟ್ಟಿ, ನೀಳವಾದ ಗುಂಗುರುಗೂದಲಿನಿಂದ ಶೋಭಿಸುತ್ತಾನೆ. ಅಮೆರಿಕೆಯ, ಇಂಗ್ಲೆಂಡಿನ ತಾಯಂದಿರು ತಮ್ಮ ಮಕ್ಕಳಿಗೆ ಅದೇ ವೇಷವನ್ನು ಹಾಕತೊಡಗಿದರು. ಆ ವೇಷವನ್ನು ಹೊತ್ತು ಬೀದಿಗಿಳಿದ ಹುಡುಗರಿಗೆ ಉಳಿದ ಹುಡುಗರ ಗೇಲಿ ಕಾದಿತ್ತು. 1921ರ ಚಲನಚಿತ್ರದಲ್ಲಿ ಮೇರಿ ಪಿಕ್‌ಫರ್ಡ್ ಎಂಬ ನಟಿಯೇ ತಾಯಿಯ ಪಾತ್ರವನ್ನೂ ಹುಡುಗನ ಪಾತ್ರವನ್ನೂ ವಹಿಸಿದ್ದಳೆಂಬುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗಿದೆ. ಪಠ್ಯ ಹಿಂದೆ ಸರಿದು ಚಿತ್ರ ಮುಂದೆ ಬಂದಿತು. ಚಿತ್ರವೇ ಪದದ ಅರ್ಥವಾಯಿತು. ಲೇಖಕಿಯ ಮಗ ವಿವಿಯನ್ ಆ ಪಾತ್ರಕ್ಕೆ ಮಾದರಿಯಾದವನೆಂಬ ಗುರುತನ್ನು ಬದುಕಿನುದ್ದಕ್ಕೂ ಹೊರಬೇಕಾಯಿತು.

ಎರಡು ಹೆಸರುಗಳ ಚರಿತ್ರೆ ಒಂದೇ ತೆರನಾಗಿಲ್ಲ. ಫಾಂಟ್ಲೆರಾಯ್ ಪದಕ್ಕೆ ಕಥೆಯಲ್ಲಿ ಆಧಾರವೇ ಇಲ್ಲ. ಉತ್ತರಕುಮಾರ ಪದಕ್ಕೆ ಅರ್ಧ ಆಧಾರವಿದೆ. ಒಂದನ್ನು ಉಡುಪು ಮಾಡಿತು, ಇನ್ನೊಂದನ್ನು ಪ್ರಸಂಗದ ಆಯ್ಕೆ ಮಾಡಿತು. ಆದರೆ ಇಬ್ಬರ ಮೇಲೂ ಹೊರಿಸಿದ ಆರೋಪ ಒಂದೇ: ಹೆಂಗಸರ ಹತ್ತಿರ ಬೆಳೆದುದು. ಅಲ್ಲಿ ತಾಯಿ ತೊಡಿಸಿದ ಬಟ್ಟೆ, ಇಲ್ಲಿ ತಾಯಿ ಹೊತ್ತಿಸಿದ ಒಲೆ. ಮುದ್ದಿನ ಹುಡುಗನನ್ನು ಹಂಗಿಸುವ ಪದವು ಹುಡುಗನೊಬ್ಬನನ್ನೇ ಹಂಗಿಸುವುದಿಲ್ಲ. ಅವನನ್ನು ಸಾಕಿದವರನ್ನೂ ಸಾಕಿದ ಜಾಗವನ್ನೂ ಹಂಗಿಸುತ್ತದೆ.

7

ವಿರಾಟಪರ್ವದ ಇಡೀ ವಿನ್ಯಾಸ ಈ ಆರೋಪವನ್ನು ತಳ್ಳಿಹಾಕುತ್ತದೆಂಬುದು ನನ್ನ ವಾದದ ತಿರುಳು. ಅಂತಃಪುರವು ಗಂಡುತನವನ್ನು ಕೆಡಿಸುವ ಜಾಗವಾಗಿದ್ದರೆ ಆ ವರ್ಷವೆಲ್ಲ ಅಲ್ಲಿಯೇ ಇದ್ದ ಅರ್ಜುನ ಕೆಡಬೇಕಾಗಿತ್ತು. ಬಳೆ ತೊಟ್ಟು, ಜಡೆ ಹೆಣೆದು, ಹೆಣ್ಣುಮಕ್ಕಳಿಗೆ ಕುಣಿತ ಕಲಿಸುತ್ತಿದ್ದ ಬೃಹನ್ನಳೆಯೇ ಅಂದು ಕೌರವಸೇನೆಯನ್ನು ಹಿಮ್ಮೆಟ್ಟಿಸಿದ್ದು. ಉತ್ತರನಿಗೆ ಸಾರಥಿಯನ್ನು ಸೂಚಿಸಿದ್ದು ಸೈರಂಧ್ರಿ, ಒಪ್ಪಿಸಿ ಕರೆತಂದದ್ದು ಉತ್ತರೆ. ಪೌರುಷವು ಸುಮ್ಮನಿರುವಾಗ ಯುದ್ಧವನ್ನು ನಡೆಸಿದ್ದು ಅಂತಃಪುರವೇ. ಜಂಬ ಹುಟ್ಟಿದ ಜಾಗ ಅದಾದರೆ, ಜಂಬಕ್ಕೆ ಮದ್ದು ಹೊರಟದ್ದೂ ಅಲ್ಲಿಂದಲೇ. ಗಾದೆಯು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಕೈಬಿಟ್ಟಿತು.

ಉತ್ತರನ ಜಂಬವನ್ನು ಸಮರ್ಥಿಸಬೇಕೆಂದೇನೂ ಇಲ್ಲ. ಮುದ್ದು ಅತಿಯಾದರೆ ಮಕ್ಕಳು ಲೋಕವನ್ನು ಎದುರಿಸಲಾರರೆಂಬ ಜನಪದದ ತಿಳಿವೂ ಸುಳ್ಳಲ್ಲ. ‘ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ’ ಎಂಬ ಗಾದೆ ಆ ತಿಳಿವನ್ನು ಯಾರ ಹೆಸರನ್ನೂ ಎಳೆಯದೆ ಹೇಳುತ್ತದೆ. ಹೆಸರು ಹಿಡಿದು ಹೇಳುವಾಗ ಹೊಣೆ ಹೆಚ್ಚುತ್ತದೆ. ಹೆದರಿದ ಹುಡುಗನನ್ನು ‘ಉತ್ತರಕುಮಾರ’ ಎಂದು ತರಗತಿಯಲ್ಲಿ, ಮನೆಯಲ್ಲಿ ಕರೆದಾಗ ನಾವು ಅವನಿಗೆ ಒಂದು ಕಥೆಯನ್ನು ಕೊಡುತ್ತೇವೆ. ಓಟದಲ್ಲಿ ಮುಗಿಯುವ ಕಥೆಯನ್ನು ಕೊಟ್ಟರೆ ಅವನಿಗೆ ಮುಂದೆ ಹೋಗಲು ದಾರಿಯಿರುವುದಿಲ್ಲ. ಓಡಿದವನು ಮರ ಹತ್ತಿದ, ಹಗ್ಗ ಹಿಡಿದ, ಸಭೆಯಲ್ಲಿ ನಿಜ ಹೇಳಿದ ಎಂಬ ಕಥೆಯನ್ನು ಕೊಟ್ಟರೆ ಅದೇ ಹೆಸರು ಬೈಗುಳವಾಗದೆ ಭರವಸೆಯಾಗಬಲ್ಲದು.

ಬಳಕೆಯಲ್ಲಿರುವ ಪದವನ್ನು ವಿದ್ವಾಂಸರ ಅಪ್ಪಣೆ ಬದಲಿಸಲಾರದು. ಹಾಗೆ ಬದಲಿಸಬೇಕೆಂದು ಕೇಳುವುದೂ ಭಾಷೆಯ ಸ್ವಭಾವವನ್ನು ಅರಿಯದ ಮಾತಾದೀತು. ಆದರೆ ಎರಡು ಕೆಲಸಗಳು ನಮ್ಮ ಅಳವಿನಲ್ಲಿವೆ. ಮೊದಲನೆಯದು ನಿಘಂಟಿನ ಕೆಲಸ. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಪ್ರಯೋಗಸಹಿತವಾದ ನಿಘಂಟನ್ನು ನಾಡಿಗೆ ಕೊಟ್ಟಿದೆ. ಅಂಥ ಕೆಲಸದ ಮುಂದುವರಿಕೆಯಾಗಿ, ಪಾತ್ರನಾಮಗಳಿಂದ ಹುಟ್ಟಿದ ಪದಗಳ ಪ್ರತ್ಯೇಕ ಕೋಶವೊಂದು ಸಿದ್ಧವಾಗಬೇಕು. ಹೆಸರು ಯಾವ ಪ್ರಸಂಗದಿಂದ ಪದವಾಯಿತು, ಯಾವ ಪ್ರಾಂತದಲ್ಲಿ ಯಾವ ಅರ್ಥಛಾಯೆ ಪಡೆಯಿತು, ಮೂಲದ ಯಾವ ಅಂಶ ಅದರಿಂದ ಕಳಚಿಹೋಯಿತು ಎಂಬುದನ್ನು ಅದು ದಾಖಲಿಸಬೇಕು. ಎರಡನೆಯದು ಪಾಠದ ಕೆಲಸ. ಪದವಿ ತರಗತಿಗಳಿಗೆ ವಿರಾಟಪರ್ವದಿಂದ ಭಾಗಗಳನ್ನು ಆಯ್ದುಕೊಡುವಾಗ ಓಟದ ಪದ್ಯಗಳ ಜೊತೆಗೆ ಮರಳಿ ಬರುವ ಪದ್ಯಗಳನ್ನೂ ಇಡಬೇಕು. ಹಾನಗಲ್ಲನ್ನು ಶಾಸನಗಳು ವಿರಾಟನಕೋಟೆ, ವಿರಾಟನಗರಿ ಎಂದು ಕರೆದಿವೆ. ಆ ಲೆಕ್ಕದಲ್ಲಿ ಉತ್ತರ ನಮ್ಮ ನೆಲದವರು ತಮ್ಮವನೆಂದು ಎಣಿಸಿಕೊಂಡ ಹುಡುಗ. ತಮ್ಮ ಹುಡುಗನೆಂದು ನಗುವ ಹಕ್ಕು ಜನರಿಗಿದೆ. ಅವನು ರಣದಿಂದ ಯಾವ ರೀತಿ ಮರಳಿದನೆಂಬುದನ್ನು ಅವರಿಗೆ ಓದಿ ಹೇಳುವ ಹೊಣೆ ಕನ್ನಡ ಕಲಿಸುವವರದು.